ಬ್ಯಾಕಪ್ ಲೈನ್ ಇದೆಯೆಂದು ನಿಶ್ಚಿಂತೆಯಿಂದಿರುವವರಿಗೆ

ದಾವಣಗೆರೆಯ ಒಂದು ಸಹಕಾರ ಸಂಘದ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿಯ ಶಾಖೆಗಳೆಲ್ಲ ಮುಖ್ಯ ಕಚೇರಿಯ ಒಂದೇ ಲೇಯರ್ 3 ಸ್ವಿಚ್‌ಗೆ (ದಾರಿ ಆರಿಸುವ ರೂಟರ್ ಕೆಲಸವನ್ನೂ ಮಾಡುವ ಸ್ವಿಚ್) ಬಂದು ಸೇರುತ್ತವೆ. ಇಬ್ಬರು ಸೇವಾದಾರರಿಂದ ಎರಡು ಲೈನು, ಎರಡರ ಮೇಲೂ ಬಿಜಿಪಿ, ಅಂದರೆ ಯಾವ ನೆಟ್‌ವರ್ಕಿಗೆ ಯಾವ ದಾರಿ (ರೂಟ್) ಎಂದು ಎರಡು ಕಡೆಯ ರೂಟರ್‌ಗಳು ಪರಸ್ಪರ ಹೇಳಿಕೊಳ್ಳುವ ವ್ಯವಸ್ಥೆ. ಒಂದು ಹೋದರೆ ಇನ್ನೊಂದು ಹೊರೆ ಹೊರಬೇಕು. ಹೊರಲಿಲ್ಲ, ತಪ್ಪು ನನ್ನದೇ.

ಟೈಪ್ ಮಾಡುವ ಸೋಮಾರಿತನಕ್ಕೆ ಎರಡೂ ಲೈನಿನ ರೂಟರ್‌ಗಳನ್ನು ಒಂದೇ ಪೀರ್ ಗ್ರೂಪ್‌ಗೆ ಹಾಕಿದ್ದೆ; ಗ್ರೂಪ್‌ಗೆ ಒಮ್ಮೆ ಬರೆದ ಸೆಟ್ಟಿಂಗ್ ಅದರ ಎಲ್ಲ ಸದಸ್ಯರಿಗೂ ಅನ್ವಯಿಸುತ್ತದೆ. ಯುಗಾದಿ ಕಳೆದ ಮೇಲೆ ಒಂದು ರಾತ್ರಿ, ಯಾರಾದರೂ ಅಪ್ಪಿತಪ್ಪಿ ಸಾವಿರಾರು ರೂಟ್ ಸುರಿದರೆ ಸ್ವಿಚ್ ತಡೆಯಲಾರದೆಂದು ಆ ಗ್ರೂಪ್‌ಗೆ ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ, ಅಂದರೆ ಒಬ್ಬರಿಂದ ಗರಿಷ್ಠ ಎಷ್ಟು ರೂಟ್ ಒಪ್ಪಬಹುದೆಂಬ ಮಿತಿ ಹಾಕಿದೆ: 20. ಮುಖ್ಯ ಲೈನಿನವರು ರೂಟ್‌ಗಳನ್ನು ಒಟ್ಟುಗೂಡಿಸಿ ಆರೇಳನ್ನಷ್ಟೇ ಕಳುಹಿಸುತ್ತಿದ್ದರು. ಬ್ಯಾಕಪ್‌ನವರು ಬಿಡಿಬಿಡಿಯಾಗಿ 34 ಕಳುಹಿಸುತ್ತಿದ್ದರು. ಇದು ನನಗೆ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. ಬಿಜಿಪಿ ಸೆಷನ್‌ಗಳನ್ನು (ಆ ರೂಟರ್‌ಗಳೊಂದಿಗಿನ ಸಂಪರ್ಕಗಳನ್ನು) ರೀಸೆಟ್ ಮಾಡಿ, ಮುಖ್ಯ ಲೈನ್ ಎದ್ದದ್ದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಬ್ಯಾಕಪ್ ಸೆಷನ್ ಮಿತಿ ಮೀರಿ ಬಿದ್ದುಹೋಯಿತು. ನಮ್ಮ ಸ್ವಿಚ್‌ನಲ್ಲಿ ಇಷ್ಟು ಹೊತ್ತಾದ ಮೇಲೆ ತಾನೇ ಮತ್ತೆ ಪ್ರಯತ್ನಿಸು ಎಂಬ ರೀಸ್ಟಾರ್ಟ್ ಅವಧಿ ಕೊಟ್ಟಿರದಿದ್ದರೆ, ಹೀಗೆ ಬಿದ್ದದ್ದು ಕೈಯಾರೆ ಎಬ್ಬಿಸುವವರೆಗೆ ಏಳುವುದಿಲ್ಲ.

ಆಷಾಢದ ಒಂದು ಸೋಮವಾರ ಪಿ.ಬಿ. ರಸ್ತೆಯಲ್ಲಿ ಚರಂಡಿ ಅಗೆಯುತ್ತಿದ್ದ ಜೆಸಿಬಿ ಫೈಬರ್ ಕಿತ್ತುಹಾಕಿತು. ಹರಿಹರದ ಕ್ಯಾಷಿಯರ್ ಫೋನ್ ಮಾಡಿದರು: "ಸರ್, ಕೌಂಟರ್ ಮುಂದೆ ಜನ ನಿಂತಿದ್ದಾರೆ." ಸ್ವಿಚ್ ಬಳಿ ಹೋದರೆ ಮುಖ್ಯ ಲೈನಿನ ಪೋರ್ಟ್ ದೀಪ ಹಸಿರಾಗಿಯೇ ಉರಿಯುತ್ತಿದೆ! ನಡುವೆ ಒಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕಿನ ಸಂಕೇತವನ್ನು ತಾಮ್ರದ ಕೇಬಲಿಗೆ ಬದಲಿಸುವ ಪೆಟ್ಟಿಗೆ) ಇದೆ. ರಸ್ತೆಯಲ್ಲಿ ಫೈಬರ್ ತುಂಡಾದರೂ ಕನ್ವರ್ಟರ್‌ನಿಂದ ಸ್ವಿಚ್‌ಗೆ ಬರುವ ಒಂದೂವರೆ ಅಡಿ ಕೇಬಲ್ ಗಟ್ಟಿಯಾಗಿಯೇ ಇರುತ್ತದಲ್ಲ, ಸ್ವಿಚ್‌ಗೆ ಸುದ್ದಿಯೇ ಮುಟ್ಟಿರಲಿಲ್ಲ. ಆ ಕಡೆಯಿಂದ ಸುದ್ದಿ ಬಾರದಿದ್ದರೂ ಬಿಜಿಪಿ ಕಾಯುವ ಅವಧಿ, ಅಂದರೆ ಹೋಲ್ಡ್ ಟೈಮ್, 180 ಸೆಕೆಂಡ್ ಮುಗಿಯುವವರೆಗೆ ಸತ್ತ ಲೈನಿಗೇ ಎಲ್ಲವನ್ನೂ ಕಳುಹಿಸುತ್ತಿರುತ್ತದೆ. "ಮೂರು ನಿಮಿಷ ತಾಳಿ, ತಾನೇ ಬರುತ್ತದೆ" ಎಂದೆ. ಮೂರಾಯಿತು, ಐದಾಯಿತು. ಆಮೇಲೆ ಸೆಷನ್‌ಗಳ ಸ್ಥಿತಿ ತೋರಿಸುವ ಬಿಜಿಪಿ ಸಮ್ಮರಿ ತೆಗೆದು ನೋಡಿದರೆ ಬ್ಯಾಕಪ್‌ನ ಸಾಲಿನಲ್ಲಿ 'ಐಡಲ್' (ಸೆಷನ್ ಇಲ್ಲ), ಪಕ್ಕದಲ್ಲಿ ಹಾಗೆ ಬಿದ್ದು ಆದ ಕಾಲ: ಹದಿಮೂರು ವಾರ ಎರಡು ದಿನ. ಕೈ ತಣ್ಣಗಾಯಿತು.

ಅಳವಡಿಸಿದ ದಿನ ಪರೀಕ್ಷೆ ಮಾಡಿರಲಿಲ್ಲವೇ ಎಂದರೆ, ಮಾಡಿದ್ದೆ. ಸ್ವಿಚ್‌ನ ಕೇಬಲ್ ಕಿತ್ತು ಮಾಡಿದ್ದೆ. ಹಾಗೆ ಕಿತ್ತರೆ ಪೋರ್ಟೇ ಬೀಳುವುದರಿಂದ ಲೈನ್ ಕ್ಷಣದಲ್ಲಿ ಬದಲಾಗುತ್ತದೆ. ಜೆಸಿಬಿ ಅಲ್ಲಿ ಕೀಳುವುದಿಲ್ಲ.

ನೀವು ಗ್ರೂಪ್‌ಗೆ ಏನೇ ಸೇರಿಸಿದರೂ ಅದರ ಪ್ರತಿಯೊಬ್ಬ ಸದಸ್ಯನ ಸ್ಥಿತಿಯನ್ನೂ ನೋಡಿಯೇ ಎದ್ದೇಳಿ. ಮಿತಿಯನ್ನು ನಾನೀಗ ಲೈನಿಗೊಂದರಂತೆ ಬೇರೆಬೇರೆ ಇಟ್ಟಿದ್ದೇನೆ. ಲೈನ್ ಜೀವಂತವಿದೆಯೇ ಎಂದು ಎರಡು ಕಡೆಯವರೂ ಬೇಗಬೇಗ ಸಂದೇಶ ಕಳುಹಿಸಿ ನೋಡಿಕೊಳ್ಳುವ ಬಿಎಫ್‌ಡಿಯನ್ನು 300 ಮಿಲಿಸೆಕೆಂಡಿಗೊಂದು ಸಂದೇಶ, ಸತತ ಮೂರು ತಪ್ಪಿದರೆ ಲೈನ್ ಸತ್ತಂತೆ ಎಂದು ಇಟ್ಟರೆ ಒಂದು ಸೆಕೆಂಡಿನೊಳಗೆ ಲೈನ್ ಸತ್ತದ್ದು ತಿಳಿಯುತ್ತದೆ, ಆದರೆ ಆ ಕಡೆಯವರೂ ಹಾಕಬೇಕು. ಅವರು ಒಪ್ಪುವವರೆಗೆ ಬಿಜಿಪಿ ಟೈಮರ್‌ಗಳನ್ನು ಇಳಿಸಿದ್ದೇನೆ: 'ಇದ್ದೇನೆ' ಎನ್ನುವ ಸಂದೇಶ 10 ಸೆಕೆಂಡಿಗೊಮ್ಮೆ, ಹೋಲ್ಡ್ ಟೈಮ್ 30 ಸೆಕೆಂಡ್. ಹೋಲ್ಡ್ ಟೈಮ್‌ನಲ್ಲಿ ಎರಡು ಕಡೆಯವರದರಲ್ಲಿ ಚಿಕ್ಕದೇ ಗೆಲ್ಲುವುದರಿಂದ ಇದಕ್ಕೆ ಯಾರ ಕೈಕಾಲೂ ಹಿಡಿಯಬೇಕಿಲ್ಲ, ಸೆಷನ್ ಮತ್ತೆ ಏರ್ಪಟ್ಟ ಮೇಲೆ ಜಾರಿಗೆ ಬರುತ್ತದೆ. ಪರೀಕ್ಷೆಗೆ ಈಗ ಕನ್ವರ್ಟರ್‌ನ ಫೈಬರ್ ತುದಿಯನ್ನೇ ಕೀಳುತ್ತೇನೆ.

ಇದನ್ನೆಲ್ಲ ಸಂಘದ ಕಾರ್ಯದರ್ಶಿಯವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಮೂರು ತಿಂಗಳು ಎರಡನೇ ಲೈನಿಗೆ ಬಾಡಿಗೆ ಕಟ್ಟಿದ್ದು ಯಾತಕ್ಕೆ?" ಎಂದರು.