ಕೋವಿಡ್ ಕಾಲದ ರೈತ ಪರಿಹಾರ: ಅಮೆರಿಕದ ಸಿಎಫ್‌ಎಪಿ ಯೋಜನೆಯ ವಿಮರ್ಶೆ

2020ರ ವಸಂತದಲ್ಲಿ ಅಮೆರಿಕದ ಶಾಲೆಗಳೂ ಹೋಟೆಲುಗಳೂ ಒಮ್ಮೆಲೇ ಬಾಗಿಲು ಹಾಕಿದಾಗ ಕೊಳ್ಳುವವರಿಲ್ಲದ ಹಾಲನ್ನು ರೈತರು ಚೆಲ್ಲಬೇಕಾಯಿತು. ದೊಡ್ಡ ಮಾಂಸ ಸಂಸ್ಕರಣಾ ಘಟಕಗಳು ಮುಚ್ಚಿದ್ದರಿಂದ ಮಾರಾಟಕ್ಕೆ ಸಿದ್ಧವಾಗಿದ್ದ ದನಗಳೂ ಹಂದಿಗಳೂ ಕೊಟ್ಟಿಗೆಯಲ್ಲೇ ಉಳಿದವು. ಅಂಥ ಹೊತ್ತಿನಲ್ಲಿ, ಏಪ್ರಿಲ್ 17ರಂದು, ಅಲ್ಲಿನ ಕೃಷಿ ಇಲಾಖೆ ಪ್ರಕಟಿಸಿದ ‘ಕೊರೊನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಮ್’ (ಸಿಎಫ್‌ಎಪಿ) 1,600 ಕೋಟಿ ಡಾಲರ್‌ಗಳನ್ನು ನೇರವಾಗಿ ರೈತರಿಗೆ ತಲುಪಿಸಲು ಹೊರಟ ಯೋಜನೆ. ಗ್ರಾಮೀಣ ಕೌಂಟಿಯೊಂದರ (ಅಲ್ಲಿನ ಜಿಲ್ಲೆಯಂಥ ಆಡಳಿತ ಘಟಕ) ಸಣ್ಣ ರೈತನ ಕಡೆಯಿಂದ ನೋಡಿದರೆ, ಹಣ ಹಂಚಿದ ರೀತಿಗೆ ಒಳ್ಳೆಯ ಅಂಕ ಕೊಡಬೇಕು, ಹಣದ ಲೆಕ್ಕ ಕಟ್ಟಿದ ರೀತಿಗೆ ಕೊಡಲಾಗದು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮೇ 26ರಿಂದ ಅರ್ಜಿ ಸ್ವೀಕರಿಸಿದ್ದು ಕೃಷಿ ಇಲಾಖೆಯ ಅಂಗವಾದ ಫಾರ್ಮ್ ಸರ್ವಿಸ್ ಏಜೆನ್ಸಿಯ ಕೌಂಟಿ ಕಚೇರಿಗಳು. ಸೋಂಕಿನ ಭಯದಿಂದ ಕಚೇರಿಗಳಿಗೆ ಜನರ ಪ್ರವೇಶ ನಿರ್ಬಂಧಿಸಿದ್ದರೂ ಫೋನ್ ಮತ್ತು ಇಮೇಲ್ ಮೂಲಕವೇ ಕೆಲಸ ಸಾಗಿತು. ತನ್ನಲ್ಲಿ ಎಷ್ಟು ದನ, ಎಷ್ಟು ಜೋಳ ಇತ್ತೆಂದು ರೈತನೇ ಸಹಿ ಮಾಡಿ ದೃಢೀಕರಿಸಿದರೆ ಸಾಕಿತ್ತು. ದಾಖಲೆಗಳನ್ನು ಆಮೇಲೆ ಕೇಳಿದಾಗ ತೋರಿಸಬೇಕಿತ್ತು. ಮಂಜೂರಾದ ಮೊತ್ತದಲ್ಲಿ ಶೇ. 80ರಷ್ಟನ್ನು ಮೊದಲೇ ಕೊಟ್ಟು, ಉಳಿದದ್ದನ್ನು ಹಿಂದಿನಿಂದ ಪಾವತಿಸಲಾಯಿತು. ಸಾಲದ ಕಂತು ಎದುರಿಗಿರುವವನಿಗೆ ಇಂಥ ನಂಬಿಕೆಯ ವ್ಯವಹಾರ ಎಷ್ಟು ದೊಡ್ಡ ಆಸರೆ ಎಂಬುದನ್ನು ಕಡೆಗಣಿಸಬಾರದು.

ಎಡವಿದ್ದು ದಿನಾಂಕದಲ್ಲಿ. 600 ಪೌಂಡಿಗಿಂತ ಕಡಿಮೆ ತೂಕದ ಕರುವನ್ನು ಜನವರಿ 15 ಮತ್ತು ಏಪ್ರಿಲ್ 15ರ ನಡುವೆ ಮಾರಿದವನಿಗೆ ತಲೆಗೆ 102 ಡಾಲರ್ ಸಿಕ್ಕಿತು. ಅದೇ ಕರುವನ್ನು ಏಪ್ರಿಲ್ 16ರ ನಂತರವೂ ಕೊಟ್ಟಿಗೆಯಲ್ಲಿ ಉಳಿಸಿಕೊಂಡವನಿಗೆ ಸಿಕ್ಕಿದ್ದು 33 ಡಾಲರ್ ಮಾತ್ರ. ಅಂದರೆ 50 ಕರುಗಳಿದ್ದ ಇಬ್ಬರು ಅಕ್ಕಪಕ್ಕದ ರೈತರಲ್ಲಿ ಒಬ್ಬನಿಗೆ 5,100 ಡಾಲರ್, ಇನ್ನೊಬ್ಬನಿಗೆ 1,650. ಬೆಲೆ ಕುಸಿದ ಮಾರುಕಟ್ಟೆಗೆ ಒಯ್ಯದೆ, ಮೇವಿನ ಖರ್ಚು ಹೊತ್ತುಕೊಂಡು ಕಾದವನೇ ಕಡಿಮೆ ಪಡೆದ. ಇದನ್ನು ಯಾವ ಕೌಂಟಿ ಕಚೇರಿಯ ಸಿಬ್ಬಂದಿಯೂ ಸರಿಪಡಿಸಲು ಸಾಧ್ಯವಿರಲಿಲ್ಲ, ಏಕೆಂದರೆ ದರಗಳು ವಾಷಿಂಗ್ಟನ್‌ನಲ್ಲೇ ನಿಗದಿಯಾಗಿದ್ದವು.

ಮಿತಿಗಳ ವಿಷಯವೂ ಹಾಗೆಯೇ. ಒಬ್ಬ ವ್ಯಕ್ತಿಗೆ 2,50,000 ಡಾಲರ್ ಗರಿಷ್ಠ ಮಿತಿಯಿತ್ತು. ಕಂಪನಿಯ ರೂಪದಲ್ಲಿರುವ ಫಾರ್ಮ್‌ಗಳಿಗೆ, ಮೂವರು ಪಾಲುದಾರರು ತಲಾ 400 ಗಂಟೆ ದುಡಿಮೆ ಅಥವಾ ಆಡಳಿತ ತೋರಿಸಿದರೆ, 7,50,000ದವರೆಗೂ ಅವಕಾಶವಿತ್ತು. ದನಗಳ ತಲೆಯೆಣಿಕೆಯ, ಧಾನ್ಯ ಅಳೆಯುವ ಬುಶೆಲ್ ಲೆಕ್ಕದ ಪಾವತಿಯಲ್ಲಿ ದೊಡ್ಡವರಿಗೆ ದೊಡ್ಡ ಪಾಲು ಹೋಗುವುದು ಸಹಜ. ಆದರೆ ಸಂಕಟದ ಹೆಸರಿನಲ್ಲಿ ಕೊಡುವ ಹಣಕ್ಕೆ ಸಂಕಟವನ್ನು ತಾಳಿಕೊಳ್ಳುವ ಶಕ್ತಿಯೂ ಒಂದು ಅಳತೆಯಾಗಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯ ಸುತ್ತು, ಅದಕ್ಕೆ ಮೀಸಲಿಟ್ಟಿದ್ದು 1,400 ಕೋಟಿ ಡಾಲರ್‌ವರೆಗೆ, ಸ್ವಲ್ಪ ಸುಧಾರಿಸಿತು. ಮಾಂಸಕ್ಕಾಗಿ ಸಾಕುವ ದನಗಳಲ್ಲಿ ಸಂತಾನೋತ್ಪತ್ತಿಗೆ ಇಟ್ಟುಕೊಂಡವನ್ನು ಬಿಟ್ಟು ಉಳಿದವಕ್ಕೆ ತಲೆಗೆ 55 ಡಾಲರ್ ಒಂದೇ ದರ. ತರಕಾರಿ, ಹಣ್ಣು ಬೆಳೆಯುವವರಿಗೆ 2019ರ ಮಾರಾಟದ ಶೇಕಡಾವಾರು, ಅದೂ ಕಡಿಮೆ ಮಾರಾಟಕ್ಕೆ ಶೇ. 10.6, ಹತ್ತು ಲಕ್ಷ ಡಾಲರ್ ಮೀರಿದ ಭಾಗಕ್ಕೆ ಶೇ. 8.8. ಸಣ್ಣವರ ಕಡೆ ತುಸುವಾದರೂ ವಾಲಿದ ಈ ಲೆಕ್ಕ ಮೊದಲ ಸುತ್ತಿನಲ್ಲೇ ಬರಬೇಕಿತ್ತು.

ಅತಿ ಹೆಚ್ಚು ಕಾದವರು ಗುತ್ತಿಗೆ ಆಧಾರದಲ್ಲಿ ಕೋಳಿ, ಹಂದಿ ಸಾಕುವವರು. ಶೆಡ್ಡು ಅವರದು, ಶೆಡ್ಡಿನ ಸಾಲ ಅವರದು, ಹಕ್ಕಿ ಮಾತ್ರ ಕಂಪನಿಯದು. ಮಾರುಕಟ್ಟೆ ಬೆಲೆಯ ನಷ್ಟ ಅವರ ಹೆಸರಿನಲ್ಲಿ ದಾಖಲಾಗದ ಕಾರಣ ಮೊದಲ ಎರಡು ಸುತ್ತಿನ ಮೂಲ ನಿಯಮಗಳು ಅವರನ್ನು ಹೊರಗಿಟ್ಟವು. ಶೆಡ್ಡು ಖಾಲಿಬಿದ್ದು ಆದಾಯ ನಿಂತದ್ದು 2020ರಲ್ಲಿ. ಅವರಿಗಾಗಿ ತಿದ್ದಿದ ನಿಯಮ ಬಂದು, ಅರ್ಜಿಯ ಕೊನೆಯ ದಿನ ನಿಗದಿಯಾದದ್ದು 2021ರ ಅಕ್ಟೋಬರ್ 12ಕ್ಕೆ.