ಹೆಂಪ್ ಬೀಜದ ಜೊತೆ ತೋರಿಸುವ ಲ್ಯಾಬ್ ವರದಿಯನ್ನು ನಂಬಿ ಹಣ ಕೊಡಬೇಡಿ

ಹೆಂಪ್ ಎಂದರೆ ಅಮಲಿನ ಅಂಶ ತೀರಾ ಕಡಿಮೆ ಇರುವ ಗಾಂಜಾ ಜಾತಿಯ ಗಿಡ. ಅದರ ಹೂವಿನಲ್ಲಿರುವ, ಅಮಲೇರಿಸದ ಸಿಬಿಡಿ ಎಂಬ ಅಂಶಕ್ಕಾಗಿ ಅದನ್ನು ಬೆಳೆಯಲು ಹೊರಟಿರುವ ಸಣ್ಣ ರೈತರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಬೇಕು. ಬೀಜವನ್ನೂ ತಾವೇ ಕೊಟ್ಟು, ಒಣಗಿಸಿದ ಹೂವನ್ನೂ ತಾವೇ ಕೊಳ್ಳುತ್ತೇವೆ ಎಂದು ಮಾತು ಕೊಟ್ಟ ಮಾರಾಟಗಾರರೊಬ್ಬರು ನನಗೆ ಮೋಸ ಮಾಡಿದ್ದಾರೆ. ಮೋಸ ಎಂದೇ ಬರೆಯುತ್ತಿದ್ದೇನೆ.

ಎಲ್ಲವೂ ಹೆಣ್ಣು ಗಿಡಗಳೇ ಆಗುತ್ತವೆ ಎಂದು ಹೇಳಿ ದುಬಾರಿ ಬೆಲೆಗೆ ಕೊಟ್ಟ ಬೀಜ ಅದು. ಹೂ ಬಿಡುವ ಹೊತ್ತಿಗೆ ನೋಡಿದರೆ, ಹೆಣ್ಣು ಹೂವಿನ ಬಿಳಿ ಎಳೆಗಳು ಮೂಡಬೇಕಾದ ಗೆಣ್ಣುಗಳಲ್ಲಿ ಅಲ್ಲಲ್ಲಿ ಪರಾಗದ ಸಣ್ಣ ಗೊಂಚಲುಗಳು ಜೋತುಬಿದ್ದಿದ್ದವು. ಪರಾಗ ತಗುಲಿದರೆ ಹೆಣ್ಣು ಹೂವು ಬೀಜ ಕಟ್ಟಿ ಸಿಬಿಡಿ ಕುಸಿಯುತ್ತದೆ. ಫೋಟೊ ಕಳುಹಿಸಿದ್ದಕ್ಕೆ, "ಅಲ್ಲೊಂದು ಇಲ್ಲೊಂದು ಗಂಡು ಗಿಡ ಬರುವುದು ಸಹಜ, ಕಿತ್ತು ಹಾಕಿ ಸರ್" ಎಂಬ ಉತ್ತರ ಬಂತು. ಕಿತ್ತು ಹಾಕಿದ್ದೂ ಆಯಿತು.

ನಿಜವಾದ ಪೆಟ್ಟು ಬಿದ್ದದ್ದು ಕೊಯ್ಲಿಗೆ ಮುಂಚಿನ ಪರೀಕ್ಷೆಯಲ್ಲಿ. ನಮ್ಮ ಪರವಾನಗಿಯ ಪ್ರಕಾರ ಒಟ್ಟು ಟಿಎಚ್‌ಸಿ (ಅಮಲೇರಿಸುವ ಅಂಶ) ಶೇ. 0.3 ಮೀರುವಂತಿಲ್ಲ, ಮೀರಿದೆ, ಬೆಳೆ ನಾಶ ಮಾಡಬೇಕು ಎಂದರು. ಮಾರಾಟಗಾರರು ತೋರಿಸಿದ್ದ ವರದಿಯಲ್ಲಿ 0.08 ಎಂದು ದಪ್ಪಕ್ಷರದಲ್ಲಿತ್ತಲ್ಲ! ಆ ಕಾಗದವನ್ನು ಮತ್ತೆ ತೆಗೆದು ನೋಡಿದೆ. 0.08 ಇದ್ದದ್ದು ಆಗಲೇ ಸಕ್ರಿಯ ರೂಪದಲ್ಲಿರುವ ಡೆಲ್ಟಾ-9 ಟಿಎಚ್‌ಸಿ ಮಾತ್ರ. ಅದರ ಕೆಳಗಿನ ಸಾಲಿನಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ, ಟಿಎಚ್‌ಸಿಎ 0.6 ಎಂದಿತ್ತು. ಗಿಡದಲ್ಲಿ ಟಿಎಚ್‌ಸಿಯ ಬಹುಪಾಲು ಇರುವುದೇ ಈ ಆಮ್ಲ ರೂಪದಲ್ಲಿ, ಬಿಸಿ ತಗುಲಿದರೆ ಅದು ಟಿಎಚ್‌ಸಿ ಆಗುತ್ತದೆ. ಆದ್ದರಿಂದಲೇ ಅದನ್ನು 0.877ರಿಂದ ಗುಣಿಸಿ ಡೆಲ್ಟಾ-9ಕ್ಕೆ ಕೂಡಿಸಿ ಒಟ್ಟು ಲೆಕ್ಕ ಹಾಕುತ್ತಾರೆ. ಕೂಡಿಸಿದರೆ 0.6ಕ್ಕೂ ಮೇಲೆ, ಮಿತಿಯ ಎರಡು ಪಟ್ಟು! ಈ ತಳಿ ಮಿತಿಯೊಳಗೆ ನಿಲ್ಲುವುದಿಲ್ಲ ಎಂಬುದು ಬೀಜ ಮಾರುವ ಮೊದಲೇ ಅವರ ಕೈಯಲ್ಲಿದ್ದ ಕಾಗದದಲ್ಲಿತ್ತು. ಅದೇ ಕಾಗದವನ್ನು ನಾನು ಪಕ್ಕದ ರೈತರಿಗೂ ಹೆಮ್ಮೆಯಿಂದ ತೋರಿಸಿದ್ದೆ. ಈಗ ಅವರಿಗೆ ಮುಖ ತೋರಿಸಲು ನಾಚಿಕೆಯಾಗುತ್ತದೆ.

ಮಾರಾಟಗಾರರನ್ನು ಕೇಳಿದರೆ, "ನೀವು ಕೊಯ್ಲು ತಡ ಮಾಡಿದ್ದೀರಿ" ಎಂದರು. ಹೂವು ಬಲಿತಂತೆ ಸಿಬಿಡಿಯ ಜೊತೆಗೇ ಟಿಎಚ್‌ಸಿಯೂ ಏರುತ್ತದೆ, ನಿಜ. ಆದರೆ ಕೊಯ್ಲಿನ ವಾರವನ್ನು ಬರೆದುಕೊಟ್ಟವರು ಅವರೇ. ಅದನ್ನು ನೆನಪಿಸಿದಾಗ, "ನಮ್ಮ ಖರೀದಿ ಒಪ್ಪಂದ ನಿಯಮಕ್ಕೆ ಒಳಪಟ್ಟ ಹೂವಿಗೆ ಮಾತ್ರ" ಎಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ವರದಿಯಲ್ಲಿ 'ಒಟ್ಟು ಟಿಎಚ್‌ಸಿ' ಎಂಬ ಸಾಲು ಇಲ್ಲದಿದ್ದರೆ ಆ ಬೀಜ ಬೇಡ. ಬೆಳೆ ನಾಶ ಮಾಡಬೇಕಾಗಿ ಬಂದರೆ ನಷ್ಟ ಯಾರದು ಎಂಬುದನ್ನು ಲಿಖಿತವಾಗಿ ಕೇಳಿ. "ಹಾಗೆಲ್ಲ ಆಗುವುದಿಲ್ಲ ಸರ್" ಎಂದರೆ ಅಲ್ಲಿಂದ ಎದ್ದು ಬನ್ನಿ.