ಅಡಾಪಲೀನ್ ಜೆಲ್: ವಿಜಯಪುರದ ಬಿಸಿಲಿನಲ್ಲಿ ಇಪ್ಪತ್ತು ತಿಂಗಳ ಬಳಕೆ

ಮುಖದ ಜಿಡ್ಡು ನಿಲ್ಲಲಿ ಎಂಬ ಒಂದೇ ಆಸೆಯಿಂದ ನಾನು ಈ ಜೆಲ್ ಬಳಸಲು ಆರಂಭಿಸಿದೆ. ಇಪ್ಪತ್ತು ತಿಂಗಳು ಕಳೆದರೂ ಜಿಡ್ಡು ನಿಂತಿಲ್ಲ. ಹಾಗಿದ್ದರೂ ಈಗ ಹದಿನಾಲ್ಕನೆಯ ಟ್ಯೂಬು ನಡೆದಿದೆ, ಅದನ್ನು ಬಿಡುವ ಯೋಚನೆ ಸದ್ಯಕ್ಕಿಲ್ಲ. ಶೇಕಡಾ 0.1ರ ಅಡಾಪಲೀನ್ ಇರುವ, ಮೊಡವೆಗೆ ಹಚ್ಚುವ, 15 ಗ್ರಾಂ ತೂಕದ ಸಾಧಾರಣ ಟ್ಯೂಬು ಇದು. ಹಲವು ಕಂಪನಿಗಳು ಇದನ್ನು ತಯಾರಿಸುತ್ತವೆ. ನಾನು ಮೂರು ಕಂಪನಿಗಳದ್ದನ್ನು ಬಳಸಿದ್ದೇನೆ, ಬೆಲೆಯಲ್ಲಿ ಕಂಡಷ್ಟು ವ್ಯತ್ಯಾಸ ಗುಣದಲ್ಲಿ ಕಾಣಲಿಲ್ಲ.

ನನಗೀಗ ಮೂವತ್ತನಾಲ್ಕು ವರ್ಷ. ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ತೊಳೆದು ಬಂದ ಮುಖ ಹನ್ನೊಂದರ ಹೊತ್ತಿಗೆ ಮಿರಿಮಿರಿ ಮಿಂಚುತ್ತದೆ, ಕನ್ನಡಕ ಮೂಗಿನ ಮೇಲಿಂದ ಜಾರುತ್ತದೆ, ಫೋನಿನಲ್ಲಿ ಮಾತನಾಡಿ ಇಟ್ಟರೆ ಗಾಜಿನ ಮೇಲೆ ಕೆನ್ನೆಯ ಅಚ್ಚು ಬಿದ್ದಿರುತ್ತದೆ. ನೋಟು ಎಣಿಸಲು ನಮ್ಮಲ್ಲಿ ಬಟ್ಟಲಿನಲ್ಲಿ ಒದ್ದೆ ಸ್ಪಂಜು ಇಡುತ್ತಾರೆ. ಪಕ್ಕದ ಕೌಂಟರಿನ ಹುಡುಗ ಒಮ್ಮೆ, "ಅಕ್ಕಾರ, ನಿಮಗ ಸ್ಪಂಜ್ ಯಾಕ ಬೇಕ್ರಿ, ಹಣಿ ಐತೆಲ್ಲ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ, ಆದರೆ ಆ ಮಾತು ಮನೆಯವರೆಗೂ ನನ್ನೊಂದಿಗೆ ಬಂದಿತ್ತು. ಹದಿನಾರನೆಯ ವಯಸ್ಸಿನಲ್ಲಿ ಹಣೆಯ ಮೇಲೆ ಎದ್ದ ಮೊಡವೆಗಳು ಮದುವೆಯಾದ ಮೇಲೆ ಹೋಗುತ್ತವೆ ಎಂದು ಎಲ್ಲರೂ ಹೇಳಿದ್ದರು. ಅವು ಹೋಗಲಿಲ್ಲ, ಜಾಗ ಬದಲಿಸಿದವು: ಇಪ್ಪತ್ತೆಂಟರ ನಂತರ ದವಡೆಯಂಚಿನಲ್ಲಿ ಮತ್ತು ಗದ್ದದ ಕೆಳಗೆ, ತಿಂಗಳ ಮುಟ್ಟಿಗೆ ಒಂದು ವಾರ ಮೊದಲು, ಮುಟ್ಟಿದರೆ ನೋಯುವ ಗಂಟುಗಳಾಗಿ ಏಳತೊಡಗಿದವು.

ಈ ಜೆಲ್‌ಗೆ ಬರುವ ಮೊದಲು ನಾನು ಮಾಡಿಕೊಂಡ ಪ್ರಯೋಗಗಳ ಬಗ್ಗೆ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ, ಏಕೆಂದರೆ ನನ್ನ ಚರ್ಮದ ಅರ್ಧ ಹಾನಿಯನ್ನು ಮಾಡಿದ್ದು ಮೊಡವೆಯಲ್ಲ, ನಾನೇ. ಮೊದಲನೆಯದು ಸಾಬೂನು. ನಳದ ನೀರು ಬಾರದ ದಿನ ನಮಗೆ ಬೋರ್‌ವೆಲ್‌ನ ಸವುಳು ನೀರೇ ಗತಿ. ಅದರಲ್ಲಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ನೊರೆಯ ಬದಲು ಒಂದು ಬಿಳಿ ಕೆನೆಯಾಗುತ್ತದೆ. ಬಕೆಟ್ಟಿನ ಒಳಮೈಗೆ ಹತ್ತಿಕೊಳ್ಳುವ ಆ ಪೊರೆಯೇ ಮುಖಕ್ಕೂ ಹತ್ತಿಕೊಳ್ಳುತ್ತದೆ. ಅದರ ಮೇಲೆ, ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿ, ಸುಮಾರು 5ರ ಪಿಎಚ್ ಮಟ್ಟದಲ್ಲಿರುವಾಗ, ಸಾಮಾನ್ಯ ಸಾಬೂನಿನದ್ದು 9ರಿಂದ 10, ಅಂದರೆ ಕ್ಷಾರೀಯ. ದಿನಕ್ಕೆ ಐದು ಸಲ ಅದನ್ನೇ ತಿಕ್ಕಿ ತೊಳೆಯುತ್ತಿದ್ದ ನನ್ನ ಕೆನ್ನೆ ಬಿಗಿದು ಸಿಪ್ಪೆ ಏಳುತ್ತಿತ್ತು, ಎರಡು ತಾಸಿನೊಳಗೆ ಅದೇ ಸಿಪ್ಪೆಯ ಮೇಲೆ ಜಿಡ್ಡು ಹರಡುತ್ತಿತ್ತು.

ಎರಡನೆಯದು ಲಿಂಬೆಹಣ್ಣು. ನನ್ನ ತವರು ಇಂಡಿ ತಾಲ್ಲೂಕು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದಿರುವ ಇಂಡಿ ಲಿಂಬೆ ನಮ್ಮ ಮನೆಯ ಜಗುಲಿಯ ಮೇಲೆ ರಾಶಿ ಬಿದ್ದಿರುತ್ತದೆ. "ಮಾರಿಗೆ ಲಿಂಬಿಹಣ್ಣು ತಿಕ್ಕವಾ, ಎಣ್ಣಿ ಎಲ್ಲಾ ಕಡೀತೈತಿ" ಎಂದು ಅವ್ವ ಹೇಳಿದಳು. ಪಾತ್ರೆಯ ಜಿಡ್ಡು ತೆಗೆಯುವ ವಸ್ತು ಮುಖದ ಜಿಡ್ಡನ್ನೂ ತೆಗೆದೀತು ಎಂಬ ತರ್ಕ ನನಗೂ ಸರಿಯೆನಿಸಿತು. ರಸ ಹಚ್ಚಿಕೊಂಡು ಹಿತ್ತಲಿನಲ್ಲಿ ಕುಳಿತು ಹಪ್ಪಳ ಒಣಗಿಸಿದೆ. ಮರುದಿನ ಉರಿ, ಆಮೇಲೆ ರಸ ಇಳಿದ ದಾರಿಯಲ್ಲೇ ಗದ್ದದವರೆಗೆ ಕಂದು ಗೆರೆಗಳು. ಲಿಂಬೆಯಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಚರ್ಮವನ್ನು ಸುಡುತ್ತವೆ ಎಂಬುದು ಆಮೇಲೆ ತಿಳಿಯಿತು. ಆ ಗೆರೆಗಳು ಮಾಸಲು ಐದಾರು ತಿಂಗಳೇ ಬೇಕಾದವು. ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಹಪ್ಪಳ ಮಾತ್ರ ಚೆನ್ನಾಗಿ ಒಣಗಿದ್ದವು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಔಷಧ ಅಂಗಡಿಯಲ್ಲಿ ಮೊಡವೆಗೆ ಏನಾದರೂ ಕೊಡಿ ಎಂದು ಕೇಳಿದಾಗ ಸ್ಟಿರಾಯ್ಡ್, ಆಂಟಿಬಯಾಟಿಕ್ ಮತ್ತು ಶಿಲೀಂಧ್ರನಾಶಕ ಬೆರೆತ ಒಂದು ಮುಲಾಮು ಕೊಟ್ಟರು, ವೈದ್ಯರ ಚೀಟಿ ಕೇಳಲಿಲ್ಲ. ನಾಲ್ಕೇ ದಿನಗಳಲ್ಲಿ ಮುಖ ನುಣುಪಾಗಿ ಬೆಳ್ಳಗಾಯಿತು, ನಾನು ಅದನ್ನು ಮೂವರು ಗೆಳತಿಯರಿಗೆ ಶಿಫಾರಸು ಕೂಡ ಮಾಡಿದೆ. ಮೂರು ತಿಂಗಳ ನಂತರ ಬಿಟ್ಟಾಗ ಒಂದೇ ಅಳತೆಯ ಸಣ್ಣ ಕೆಂಪು ಗುಳ್ಳೆಗಳು ಎರಡೂ ಕೆನ್ನೆಗಳ ತುಂಬ ಎದ್ದವು, ಅಡುಗೆಮನೆಯ ಒಲೆಯ ಝಳಕ್ಕೂ ಮುಖ ಉರಿಯುತ್ತಿತ್ತು, ಕೆನ್ನೆಯ ಮೇಲೆ ಸಣ್ಣ ಕೂದಲು ಹುಟ್ಟಿತ್ತು. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ನಿಯಮವಿದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಹೆಸರು ಕಂಡರೆ ಮೊಡವೆಗೆಂದು ಅದನ್ನು ಮುಟ್ಟಲೇಬಾರದು. ಈ ಅವಾಂತರದ ನಂತರವೇ ನಾನು ಚರ್ಮರೋಗ ತಜ್ಞರ ಬಳಿಗೆ ಹೋದದ್ದು.

ವೈದ್ಯರು ಮೊದಲು ಕೇಳಿದ್ದು ಮುಟ್ಟು ಕ್ರಮವಾಗಿದೆಯೇ, ಮಗುವಿನ ಯೋಚನೆ ಇದೆಯೇ ಎಂದು. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ಸಮಸ್ಯೆ) ಶಂಕೆಯಿಂದ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸಿದರು, ಎರಡರಲ್ಲೂ ದೋಷ ಕಾಣಲಿಲ್ಲ. ಕೆಂಪು ಇಳಿಯುವವರೆಗೆ ಎರಡು ತಿಂಗಳು ಬರೀ ಮಾಯಿಶ್ಚರೈಸರ್ ಹಚ್ಚಿಸಿ, ಆಮೇಲೆ ಅಡಾಪಲೀನ್ ಬರೆದುಕೊಟ್ಟರು. ಇದು ವಿಟಮಿನ್ ಎ ವರ್ಗಕ್ಕೆ ಸೇರಿದ ರೆಟಿನಾಯ್ಡ್. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಪಡೆದು, 2016ರಿಂದ ಅಲ್ಲಿ ಚೀಟಿಯಿಲ್ಲದೆಯೂ ಸಿಗುತ್ತಿದೆ. ಚರ್ಮದ ಪ್ರತಿ ರಂಧ್ರದ ಒಳಗೋಡೆಯಿಂದ ಸತ್ತ ಜೀವಕೋಶಗಳು ಉದುರುತ್ತಿರುತ್ತವೆ. ಮೊಡವೆಯ ಚರ್ಮದಲ್ಲಿ ಅವು ಉದುರಿ ಹೊರಬರದೆ ಜಿಡ್ಡಿನೊಂದಿಗೆ ಅಂಟಿಕೊಂಡು ಬಿರಡೆಯಾಗುತ್ತವೆ. ಆ ಬಿರಡೆಯ ಹಿಂದೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದರೆ ಅದೇ ಕೆಂಪು ಮೊಡವೆ. ಅಡಾಪಲೀನ್ ತಡೆಯುವುದು ಈ ಬಿರಡೆಯನ್ನು. ಜಿಡ್ಡನ್ನು ಒಸರುವ ಗ್ರಂಥಿ ಆಂಡ್ರೋಜೆನ್ ಹಾರ್ಮೋನಿನ ಮಾತು ಕೇಳುತ್ತದೆಯೇ ಹೊರತು ಈ ಜೆಲ್‌ನ ಮಾತನ್ನಲ್ಲ. ವೈದ್ಯರು ಇದನ್ನು ಮೊದಲ ದಿನವೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ಬಳಸುವ ಕ್ರಮ ಸರಳ, ಆದರೆ ತಪ್ಪು ಮಾಡಲು ಅವಕಾಶ ಬಹಳ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಒಂದು ಬಟಾಣಿ ಕಾಳಿನಷ್ಟು ಜೆಲ್ ಅನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದ ಎಂದು ಐದು ಕಡೆ ಚುಕ್ಕೆಯಿಟ್ಟು ಇಡೀ ಮುಖಕ್ಕೆ ತೆಳುವಾಗಿ ಹರಡಬೇಕು. ಎದ್ದಿರುವ ಮೊಡವೆಯ ಮೇಲೆ ಮಾತ್ರ ಹಚ್ಚುವುದು ವ್ಯರ್ಥ, ಏಕೆಂದರೆ ನಾಳೆಯ ಮೊಡವೆ ಇಂದು ಕಣ್ಣಿಗೆ ಕಾಣುವುದಿಲ್ಲ. ನಾನು ಆತುರದಿಂದ ಮೊದಲ ವಾರವೇ ಪ್ರತಿ ರಾತ್ರಿ, ಅದೂ ಎರಡು ಪಟ್ಟು ಹಚ್ಚಿದೆ. ಹತ್ತನೆಯ ದಿನ ಮೂಗಿನ ಪಕ್ಕ ಮತ್ತು ತುಟಿಯ ಮೂಲೆಗಳಲ್ಲಿ ಚರ್ಮ ಬಿರಿಯಿತು. ಅಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಖಡಕ್ ರೊಟ್ಟಿಗೆ ರಂಜಕ ಹಚ್ಚಿ ಬಾಯಿಗಿಟ್ಟಾಗ ಆ ಮೂಲೆಗಳಲ್ಲಿ ಹತ್ತಿದ ಉರಿಗೆ ಕಣ್ಣೀರು ತಾನಾಗಿ ಇಳಿಯಿತು. ಆಮೇಲೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್, ಬಾಯಿಯ ಮೂಲೆಗಳಿಗೆ ತೆಳುವಾಗಿ ವ್ಯಾಸಲೀನ್ ಎಂಬ ಕ್ರಮಕ್ಕೆ ಬಂದೆ. ಎಣ್ಣೆ ಚರ್ಮಕ್ಕೆ ಮಾಯಿಶ್ಚರೈಸರ್ ಯಾಕೆ ಎಂಬುದು ನನ್ನ ಪ್ರಶ್ನೆಯೂ ಆಗಿತ್ತು. ಜಿಡ್ಡಿರುವ ಚರ್ಮದಲ್ಲೂ ನೀರಿನಂಶ ಇಲ್ಲದಿರಬಹುದು ಎಂಬುದಕ್ಕೆ ನನ್ನ ಮುಖವೇ ಉತ್ತರವಾಯಿತು.

ಮೂರನೆಯ ವಾರದಿಂದ ಏಳನೆಯ ವಾರದವರೆಗೆ ಮೊಡವೆಗಳು ಮೊದಲಿಗಿಂತ ಹೆಚ್ಚಾದವು. ಒಳಗಿದ್ದ ಬಿರಡೆಗಳು ಬೇಗ ಮೇಲೆ ಬರುವುದರಿಂದ ಹೀಗಾಗುತ್ತದಂತೆ. ಬಹುಪಾಲು ಜನ ಟ್ಯೂಬನ್ನು ಎಸೆಯುವುದು ಈ ಹಂತದಲ್ಲೇ ಇರಬೇಕು. ನಾನೂ ಎರಡು ಬಾರಿ ಕಸದ ಬುಟ್ಟಿಯವರೆಗೆ ಹೋಗಿದ್ದೆ. ಹನ್ನೆರಡು ವಾರ ತುಂಬಿದಾಗ ಹೊಸ ಮೊಡವೆ ಏಳುವುದು ಕಡಿಮೆಯಾಯಿತು. ಆರನೆಯ ತಿಂಗಳಿಗೆ ದವಡೆಯ ಗಂಟುಗಳು ತಿಂಗಳಿಗೆ ಐದಾರರಿಂದ ಒಂದಕ್ಕೆ ಇಳಿದವು, ಮೂಗಿನ ಕಪ್ಪು ಚುಕ್ಕೆಗಳು ಬಹುತೇಕ ಮಾಯವಾದವು. ಕಂದು ಕಲೆಗಳು ಹೋಗಲು ವರ್ಷ ಹಿಡಿಯಿತು. ಹಳ್ಳ ಬಿದ್ದ ಎರಡು ಕಲೆಗಳು ಹಾಗೆಯೇ ಇವೆ. ಅವನ್ನು ಈ ಜೆಲ್ ಅಳಿಸುವುದಿಲ್ಲ.

ಜಿಡ್ಡು ಮಾತ್ರ ಇದ್ದಲ್ಲೇ ಇತ್ತು. ಎಂಟನೆಯ ತಿಂಗಳಿನಲ್ಲಿ ಮತ್ತೆ ಆ ದೂರು ತೆಗೆದುಕೊಂಡು ಹೋದಾಗ, ತೈಲಗ್ರಂಥಿಯನ್ನೇ ಕುಗ್ಗಿಸುವ ಔಷಧವೆಂದರೆ ಐಸೊಟ್ರೆಟಿನಾಯಿನ್ ಮಾತ್ರೆ ಎಂದು ವೈದ್ಯರು ವಿವರಿಸಿದರು. ಅದನ್ನು ಸೇವಿಸುವಾಗ ಗರ್ಭ ನಿಂತರೆ ಮಗುವಿಗೆ ತೀವ್ರ ಅಂಗದೋಷಗಳಾಗುವ ಅಪಾಯವಿದೆ, ನಿಲ್ಲಿಸಿದ ಮೇಲೂ ಒಂದು ತಿಂಗಳು ಕಾಯಬೇಕು, ನಡುವೆ ಯಕೃತ್ತಿನ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಆಳವಾದ ಗಂಟುಗಳೆದ್ದು ಹಳ್ಳ ಬೀಳುತ್ತಿರುವವರಿಗೆ ಅದು ದೊಡ್ಡ ಉಪಕಾರವೇ ಸರಿ. ಹೊಳೆಯುವ ಹಣೆಯೊಂದಕ್ಕಾಗಿ ಅಷ್ಟು ದೂರ ಹೋಗುವುದು ಬೇಡವೆಂದು ನಾನು ನಿರ್ಧರಿಸಿದೆ. ಅಡಾಪಲೀನ್ ಕೂಡ ಗರ್ಭಿಣಿಯರಿಗೆ ಸಲ್ಲದು, ಮಗುವಿನ ಯೋಚನೆಯಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಐದನೆಯ ತಿಂಗಳಿನಿಂದ ಬೆಳಿಗ್ಗೆ ಶೇಕಡಾ 2.5ರ ಬೆಂಝಾಯಿಲ್ ಪೆರಾಕ್ಸೈಡ್ ಜೆಲ್ ಕೂಡ ಸೇರಿತು. ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವ ಇದರ ಬಗ್ಗೆ ನನ್ನದು ಒಂದೇ ತಕರಾರು: ಇದು ಬಟ್ಟೆಯ ಬಣ್ಣವನ್ನು ತಿನ್ನುತ್ತದೆ. ಟ್ಯೂಬಿನ ಮೇಲಿನ ಸಣ್ಣಕ್ಷರದ ಸೂಚನೆಯನ್ನು ನಾನು ಓದಿರಲಿಲ್ಲ. ಅತ್ತೆಯ ಮನೆಯ ಪೂಜೆಯ ದಿನ ಮದುವೆಯ ಇಳಕಲ್ ಸೀರೆಯುಟ್ಟು ತಲೆಯ ಮೇಲೆ ಸೆರಗು ಹೊದ್ದು ಕುಳಿತೆ. ಸಂಜೆ ಮಡಿಸುವಾಗ ನೋಡಿದರೆ, ಕೆಂಪು ರೇಷ್ಮೆಯ ಸೆರಗಿನಲ್ಲಿ ಕೆನ್ನೆ ತಾಗಿದ ಕಡೆ ಅಂಗೈಯಗಲದ ಮಸುಕು ಕಿತ್ತಳೆ ಮಚ್ಚೆ. ಅದು ಕಲೆಯಲ್ಲ, ಬಣ್ಣವೇ ಹೋಗಿದೆ, ಒಗೆದರೆ ಬರುವುದಿಲ್ಲ. ಅಂದಿನಿಂದ ದಿಂಬಿಗೆ ಬಿಳಿ ಕವರು, ಮುಖಕ್ಕೆ ಬಿಳಿ ಟವೆಲು.

ಕೂದಲಿನ ಕಥೆ ಬೇರೆಯದಲ್ಲ. ತಲೆಯ ಜಿಡ್ಡನ್ನು ನಾನು ಕೊಬ್ಬರಿ ಎಣ್ಣೆಯಿಂದಲೇ ಮುಚ್ಚುತ್ತಿದ್ದೆ. ಹೇಗೂ ಎಣ್ಣೆ ಹಚ್ಚಿದಂತೆ ಕಾಣುತ್ತದೆ, ಹಚ್ಚಿಯೇ ಬಿಡೋಣ ಎಂಬ ಲೆಕ್ಕ. ರಾತ್ರಿ ಹಚ್ಚಿದ ಎಣ್ಣೆ ದಿಂಬಿನ ಮೂಲಕ ಹಣೆಗಿಳಿದು ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳ ಸಾಲನ್ನೇ ನಿಲ್ಲಿಸಿತ್ತು. ಜೊತೆಗೆ ಹಳದಿಯ, ಅಂಟಂಟಾದ ಹೊಟ್ಟು. ಮಲಸೀಝಿಯಾ ಎಂಬ ಶಿಲೀಂಧ್ರ ನೆತ್ತಿಯ ಕೊಬ್ಬನ್ನೇ ತಿಂದು ಬದುಕುತ್ತದೆ, ನಾನು ಅದಕ್ಕೆ ಎಣ್ಣೆಯ ಊಟ ಬಡಿಸುತ್ತಿದ್ದೆ. ಶೇಕಡಾ 2ರ ಕೀಟೊಕೊನಝೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲದಂತೆ ಒಂದು ತಿಂಗಳು, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದೆ, ಈಗ ವಾರಕ್ಕೊಮ್ಮೆ. ಉಳಿದಂತೆ ದಿನ ಬಿಟ್ಟು ದಿನ ಸಾಧಾರಣ ಶಾಂಪೂ. ತಲೆಗೆ ಎಣ್ಣೆ ಹಚ್ಚುವುದು ಹಬ್ಬಕ್ಕಷ್ಟೇ, ಅದೂ ಸ್ನಾನಕ್ಕೆ ಅರ್ಧ ತಾಸು ಮೊದಲು. ಸೀಗೆಕಾಯಿ ಪುಡಿಯನ್ನು ನಾನು ಇಷ್ಟಪಡುತ್ತೇನೆ, ಆದರೆ ಸವುಳು ನೀರಿನಲ್ಲಿ ಅದು ಕೂದಲಿನಿಂದ ಪೂರ್ತಿ ಬಿಡುವುದಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಈ ಜೆಲ್ ಬಳಸುವ ಚರ್ಮಕ್ಕೆ ಬಿಸಿಲು ಇನ್ನಷ್ಟು ಚುರುಕಾಗಿ ತಾಗುತ್ತದೆ. ನಮ್ಮೂರಿನ ಹೆಣ್ಣುಮಕ್ಕಳಂತೆ ನಾನೂ ಸ್ಕೂಟಿಯ ಮೇಲೆ ಓಢಣಿಯನ್ನು ಮುಖಕ್ಕೆ ಸುತ್ತಿ ಹೋಗುತ್ತಿದ್ದೆ. ಬೆವರಿನಲ್ಲಿ ತೊಯ್ದ ಅದೇ ಬಟ್ಟೆ ದವಡೆಗೆ ಉಜ್ಜಿ ಗುಳ್ಳೆ ಎಬ್ಬಿಸುತ್ತಿತ್ತು. ಈಗ ತೆಳು ಹತ್ತಿಯದು, ದಿನಕ್ಕೊಂದು ಒಗೆದದ್ದು, ಅದರಡಿ ಜೆಲ್ ರೂಪದ ಸನ್‌ಸ್ಕ್ರೀನ್. ಆಹಾರದ ಬಗ್ಗೆ ಕೇಳುವವರಿಗೆ: ಶೇಂಗಾ ಹಿಂಡಿ ಬಿಟ್ಟರೂ ಜಿಡ್ಡು ಕಡಿಮೆಯಾಗಲಿಲ್ಲ, ಸಂಜೆಯ ಬೇಕರಿ ತಿಂಡಿ ಬಿಟ್ಟಾಗ ಗಂಟುಗಳು ಸ್ವಲ್ಪ ಕಡಿಮೆಯಾದವು ಎನಿಸಿತು. ಮೇಲ್ದುಟಿಗೆ ವ್ಯಾಕ್ಸಿಂಗ್ ಮಾಡಿಸುವವರು ಜೆಲ್ ಬಳಕೆಯ ಕಾಲದಲ್ಲಿ ಅದನ್ನು ಬಿಡಬೇಕು. ಒಂದು ಪಾರ್ಲರಿನಲ್ಲಿ ಮೇಣದ ಜೊತೆ ನನ್ನ ಚರ್ಮವೂ ಕಿತ್ತು ಬಂದಿತ್ತು. ಜೆಲ್ ಹಚ್ಚುತ್ತಿರುವೆನೆಂದು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಒಂದು ಟ್ಯೂಬು ಸುಮಾರು ಆರು ವಾರ ಬರುತ್ತದೆ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಡಿತವಾದ ಒಂದು ನಕ್ಷತ್ರ ಆ ಮೊದಲ ಎರಡು ತಿಂಗಳುಗಳಿಗೆ. ಜಿಡ್ಡಿಗಾಗಿ ನಕ್ಷತ್ರ ಕಡಿಯುವುದು ಅನ್ಯಾಯ, ಅದು ಈ ಜೆಲ್‌ನ ಕೆಲಸವೇ ಅಲ್ಲ. ಅದಕ್ಕೆಂದು ಕೌಂಟರಿನ ಖಾನೆಯಲ್ಲಿ ಹಳೆಯ ಧೋತರದಿಂದ ಹರಿದ ಮೆತ್ತನೆಯ ನಾಲ್ಕು ಚೌಕಗಳಿವೆ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹಣೆಗೆ ಒತ್ತಿ ತೆಗೆಯುತ್ತೇನೆ, ಉಜ್ಜುವುದಿಲ್ಲ. ಮುಂದಿನ ತಿಂಗಳಿನಿಂದ ವಾರಕ್ಕೆ ಮೂರೇ ರಾತ್ರಿ ಹಚ್ಚಲು ವೈದ್ಯರು ಹೇಳಿದ್ದಾರೆ.